ಒಂದು ಮಣದ ಗುಂಡು

ನಮ್ಮೂರ ಹೊಳೆಯಲ್ಲಿ ಹರಿಗೋಲು ಹಾಕುವ ಯಮನಪ್ಪ ಯಾರನ್ನೇ ಆಗಲಿ ಹತ್ತಿಸಿಕೊಳ್ಳುವ ಮೊದಲು ಒಂದು ಮಾತು ಕೇಳುತ್ತಾನೆ, "ಎಷ್ಟ ಓದೀರಿ?" ಅದೇನೂ ಕುಶಾಲಿಗಲ್ಲ. ನಮ್ಮೂರಲ್ಲಿ ಓದಿದವರು ಭಾರ. ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಮರೆತವರ ಮಾತಲ್ಲ ಇದು, ತಿಳಿದು ಓದಿದವರದು. ವ್ಯಾಕರಣ ಅರಗಿಸಿಕೊಂಡ ಒಬ್ಬ ಸಣಕಲ ಮನುಷ್ಯ ಒಂದು ಮಗ್ಗುಲಿಗೆ ಕೂತರೆ ಇನ್ನೊಂದು ಮಗ್ಗುಲಿಗೆ ಒಬ್ಬ ದಲಾಲನನ್ನೂ ಅವನ ಆಡನ್ನೂ ಕೂಡಿಸಬೇಕು, ಇಲ್ಲದಿದ್ದರೆ ಎಲ್ಲರೂ ನೀರುಪಾಲು. ಮದುವೆ ಮನೆಯವರು ಮಂಚ ಮಾಡಿಸುವಾಗ ಅಳಿಯನ ಓದು ಎಷ್ಟು ಅಂತ ಬಡಿಗನಿಗೆ ಮೊದಲೇ ಹೇಳುತ್ತಾರೆ. ಮಳೆಗಾಲದಲ್ಲಿ ನಮ್ಮ ವಕೀಲರು ಕೆಸರಿಗೆ ಕಾಲಿಡುವುದಿಲ್ಲ. ವಯಸ್ಸಾಗಿ ಮರೆವು ಬಂದವರು ದಿನದಿನಕ್ಕೆ ಹಗುರಾಗುತ್ತಾರೆ. ಅವರನ್ನು ಎತ್ತಿ ಬಿಸಿಲಿಗೆ ಕೂಡಿಸುವ ಸೊಸೆಯಂದಿರಿಗೆ ಅದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ, ಗೊತ್ತಾದ ದಿನ ಅಡಿಗೆಮನೆಗೆ ಹೋಗಿ ಅತ್ತು ಬರುತ್ತಾರೆ.

ನನ್ನನ್ನು ಮಾತ್ರ ಯಮನಪ್ಪ ಒಮ್ಮೆಯೂ ಕೇಳಿದವನಲ್ಲ. "ದ್ಯಾಮವ್ವಾ, ನೀ ಎಲ್ಲೆರೆ ಕುಂದರ" ಅಂತ ಹುಟ್ಟಿನ ತುದಿಯಿಂದ ಒಂದು ಜಾಗ ತೋರಿಸುತ್ತಿದ್ದ, ಅಷ್ಟೇ. ತರಕಾರಿ ಬುಟ್ಟಿಗಳ ನಡುವೆ ಕೂತು ನಾನು ಜನ್ಮವೆಲ್ಲ ಹೊಳೆ ದಾಟಿದ್ದೇನೆ. ಅವನ ತಪ್ಪೇನೂ ಇಲ್ಲ ಅನ್ನಿ. ನಮ್ಮದು ತಕ್ಕಡಿ ಮನೆತನ. ಮಠದ ವಿದ್ಯಾಪೀಠದಲ್ಲಿ ಓದಿದವರನ್ನು ತೂಗುವುದು ಮುತ್ತಜ್ಜನ ಕಾಲದಿಂದ ನಮ್ಮ ಕೆಲಸ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಕೆಲಸ ನನ್ನ ಕೈಗೆ ಬಂತು. ತೂಗುವವರನ್ನೇ ತೂಗಿ ನೋಡುವ ರೂಢಿ ಊರಲ್ಲಿ ಇರಲಿಲ್ಲ. ಅದರ ಅಗತ್ಯವಿದೆ ಅಂತ ಯಾರಿಗೂ ಅನ್ನಿಸಿರಲಿಲ್ಲ.

ವಿದ್ಯಾಪೀಠ ಅಂದರೆ ಭಾರೀ ಏನೋ ಅಂದುಕೊಳ್ಳಬೇಡಿ. ಮಠದ ಹಿಂದೆ ಹನ್ನೊಂದು ಕೋಣೆ, ನಡುವೆ ಪಾಠದ ಪಡಸಾಲೆ, ಅದರಾಚೆ ಕಲ್ಲು ಕಟ್ಟಿದ ಹೊಂಡ. ಇಲ್ಲಿ ಪದವಿ ಪಡೆದವರು ಪಂಡಿತರು. ಮದುವೆ ಮಾಡಿಸುವುದು, ಸತ್ತವರ ಮಣ್ಣಿನಲ್ಲಿ ಕೊನೆಯ ಮಾತು ಹೇಳುವುದು, ಶಾಲೆಗಳಲ್ಲಿ ಧರ್ಮದ ಪಾಠ ಮಾಡುವುದು ಅವರ ಹಕ್ಕು. ಸುತ್ತಲಿನ ಊರುಗಳಲ್ಲಿ ಅಂಥವರು ಮುನ್ನೂರ ಹನ್ನೆರಡು ಮಂದಿ ಇದ್ದಾರೆ. ನಮ್ಮಲ್ಲಿ ಪ್ರಶ್ನೆಪತ್ರಿಕೆ ಇಲ್ಲ, ಅಂಕಪಟ್ಟಿ ಇಲ್ಲ. ಓದು ಮುಗಿಯಿತು ಅನ್ನಿಸಿದವರು ಯುಗಾದಿಯ ಮರುದಿನ ಹೊಂಡಕ್ಕೆ ಇಳಿಯಬೇಕು. ಕಲ್ಲಿನ ಕಮಾನಿಗೆ ತೂಗುಹಾಕಿದ ತಕ್ಕಡಿಯ ಒಂದು ತಟ್ಟೆ ನೀರೊಳಗೆ ಇರುತ್ತದೆ, ಅದರಲ್ಲಿ ಗದ್ದದವರೆಗೆ ಮುಳುಗಿ ಕೂಡಬೇಕು. ಮೈಯ ಭಾರವನ್ನು ನೀರು ಹೊತ್ತುಕೊಳ್ಳುತ್ತದೆ, ಓದಿನ ಭಾರವನ್ನು ಹೊರುವುದಿಲ್ಲ. ಮೇಲೆ ಗಾಳಿಯಲ್ಲಿರುವ ಇನ್ನೊಂದು ತಟ್ಟೆಗೆ ನಾನು ಗುಂಡು ಇಡುತ್ತೇನೆ. ದುಂಡನೆಯ ಕರಿಕಲ್ಲು, ನೆತ್ತಿಯ ಮೇಲೆ ಒಂದು ಮಣ ಅಂತ ಕೊರೆದಿದೆ, ಅಂದರೆ ನಲವತ್ತು ಸೇರು. ಕೂತವರ ತಟ್ಟೆ ಇಳಿದು ತಳದ ಮೆಟ್ಟಿಲಿಗೆ ತಾಗಿ ಠಣ್ ಅಂದರೆ ಪಂಡಿತರಾದರು. ಅನ್ನದಿದ್ದರೆ ಒದ್ದೆಬಟ್ಟೆಯಲ್ಲಿ ಮೇಲೆ ಬಂದು ಮತ್ತೆ ಓದಲು ಕೂಡಬೇಕು. ವರ್ಷದ ಉಳಿದ ದಿನವೆಲ್ಲ ಗುಂಡಿನ ಜಾಗ ಪಡಸಾಲೆಯಲ್ಲಿ, ಪಾಠ ಹೇಳುವವರ ಗದ್ದುಗೆಯ ಪಕ್ಕ. ಮೊದಲ ಗುರುಗಳು ನೂರು ವರ್ಷದ ಹಿಂದೆ ಅಲ್ಲಿಟ್ಟರು, ಅಲ್ಲೇ ಇದೆ. ಬೆಳಿಗ್ಗೆ ಎದ್ದು ಅದಕ್ಕೆ ಎಣ್ಣೆ ಒರೆಸುವುದು ನನ್ನ ಮೊದಲ ಕೆಲಸ.

ಒರೆಸಿದ ಮೇಲೆ ಎದ್ದು ಹೋಗಬೇಕಾದವಳು ನಾನು ಹೊಸ್ತಿಲಲ್ಲೇ ಕೂತುಬಿಡುತ್ತಿದ್ದೆ. ಮೊದಮೊದಲು ಕಾಲುನೋವಿಗೆ ಕೂತೆ, ಆಮೇಲೆ ಪಾಠದ ರುಚಿಗೆ. ಹೀಗೆ ಇಪ್ಪತ್ತು ವರ್ಷ ಕೇಳಿದ ಮೇಲೆ ಒಂದು ದಿನ ಧೈರ್ಯ ಮಾಡಿ ಗುರುಪಾದ ಅಜ್ಜಾರ ಮುಂದೆ ನಿಂತೆ. ಅಜ್ಜಾರು ವಿದ್ಯಾಪೀಠದ ಹಿರಿಯರು, ಅವರು ಅಟ್ಟದ ಮೇಲೆ ನಡೆದರೆ ಕೆಳಗೆ ಮಣ್ಣು ಉದುರುತ್ತದೆ. "ಅಜ್ಜಾರ, ನಾನೂ ಒಮ್ಮೆ ಹೊಂಡಕ್ಕ ಇಳೀಲ್ರ್ಯಾ?" ಅಂದೆ. ಸುತ್ತ ಇದ್ದವರು ಕಿಸಕ್ಕೆಂದರು. ಅಜ್ಜಾರು ನಗಲಿಲ್ಲ. "ನನ್ನ ಯಾಕ ಕೇಳ್ತಿ? ತಕ್ಕಡೀನ ಕೇಳು" ಅಂದರು.

ಕೇಳಿದೆ. ತಟ್ಟೆ ಇಳಿಯಿತು, ಇಳಿಯಿತು, ತಳಕ್ಕೆ ಎರಡು ಬೆರಳು ಇರುವಾಗ ನಿಂತುಬಿಟ್ಟಿತು. ಇರಲಿ, ಎರಡು ಬೆರಳಲ್ಲವೇ ಅಂತ ಐದು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪಾಠ ಕೇಳಿದೆ. ಎರಡನೇ ಸಲ ಇಳಿದೆ. ಎರಡೇ ಬೆರಳು. ಮತ್ತೆ ಮೂರು ವರ್ಷ ಕೇಳಿ ಮೂರನೇ ಸಲ ಇಳಿದೆ. ಮತ್ತದೇ ಎರಡು ಬೆರಳು! ಕಲಿತದ್ದೆಲ್ಲ ಎಲ್ಲಿ ಹೋಯಿತು ಅಂತ ಹೊಂಡದಲ್ಲಿ ಕೂತೇ ಅತ್ತೆ. ನನಗೊಬ್ಬಳಿಗೇ ಅಲ್ಲ ಈ ಗತಿ. ಅಪ್ಪನ ಕಾಲದಲ್ಲಿ ವರ್ಷಕ್ಕೆ ಹತ್ತು ಹನ್ನೆರಡು ಮಂದಿ ಪಂಡಿತರಾಗುತ್ತಿದ್ದರು, ಈಗ ಇಬ್ಬರಾದರೆ ಹೆಚ್ಚು. ಈರಸಂಗಯ್ಯ ಅಂತ ಒಬ್ಬ, ಎಂಥ ಬುದ್ಧಿವಂತ, ನಾಲ್ಕು ಸಲ ಇಳಿದು ನಾಲ್ಕು ಸಲವೂ ಸೋತು ಈಗ ಸಂತೆಯಲ್ಲಿ ಬಳೆ ಮಾರುತ್ತಾನೆ. "ಈಗಿನವರಿಗೆ ಶ್ರದ್ಧಿ ಇಲ್ಲ" ಅಂತ ಅಜ್ಜಾರು ಬೈಯುತ್ತಿದ್ದರು, ನಾನೂ ಹೌದೆಂದು ತಲೆಯಾಡಿಸುತ್ತಿದ್ದೆ. ಗುಂಡು ಎತ್ತುವಾಗ ನನಗೆ ಏದುಸಿರು ಬರುತ್ತಿತ್ತು, ಅಪ್ಪ ಅದನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದ. ವಯಸ್ಸಾಯಿತು ಕಣೇ ದ್ಯಾಮವ್ವ, ಅಂದುಕೊಂಡೆ.

ಹೀಗಿರುವಾಗ ರಾಜಧಾನಿಯಿಂದ ಕಾಯ್ದೆ ಬಂತು. ಅದರ ಹೆಸರೇ ಒಂದು ಗೇಣು, ಮಾನ್ಯತೆಯಿಲ್ಲದ ಧಾರ್ಮಿಕ ವಿಶ್ವವಿದ್ಯಾಲಯಗಳ ನಿಯಂತ್ರಣ ಕಾಯ್ದೆ. ಸುಮ್ಮಸುಮ್ಮನೆ ಬಂದದ್ದಲ್ಲ, ಅದನ್ನೂ ಹೇಳಬೇಕು. ಹೊಳೆಯಾಚೆ ಅಂಗಡಿಯ ಮೇಲೊಂದು ಬೋರ್ಡು ಹಾಕಿಕೊಂಡು ತಮ್ಮದೂ ವಿಶ್ವವಿದ್ಯಾಲಯ ಅಂದವರು ಬೇಕಾದಷ್ಟು ಮಂದಿ ಇದ್ದರು. ಶಾಲು ಹೊದಿಸಿ, ಹಾರ ಹಾಕಿ, ಡಾಕ್ಟರೇಟು ಕೈಗಿಟ್ಟು ಕಳಿಸುತ್ತಿದ್ದರು. ಅಂಥ ಡಾಕ್ಟರುಗಳು ಹತ್ತಿದರೆ ಯಮನಪ್ಪನ ಹರಿಗೋಲು ಅಲುಗುತ್ತಲೂ ಇರಲಿಲ್ಲ. ಅವರನ್ನು ಹಿಡಿಯಲು ಬೀಸಿದ ಬಲೆ ನಮ್ಮ ಮೇಲೂ ಬಿತ್ತು. ಸರ್ಕಾರದ ಮಾನ್ಯತೆ ಇಲ್ಲದ ಪೀಠ ಪದವಿ ಕೊಡಬಾರದು, ಹಿಂದೆ ಕೊಟ್ಟದ್ದೂ ರದ್ದು, ಅಂಥ ಪಂಡಿತರು ಮಾಡಿಸಿದ ಮದುವೆಗಳು ದಫ್ತರಕ್ಕೆ ಸೇರವು. ಯುಗಾದಿಯ ಮರುದಿನ, ಅಂದರೆ ನಮ್ಮ ತೂಕದ ದಿನವೇ, ಅಧಿಕಾರಿ ಬಂದು ಪದವಿಯ ಅಳತೆಯನ್ನು ಪರಿಶೀಲಿಸುವರು ಅಂತ ನೋಟೀಸು. ಆ ವರ್ಷ ನಾಲ್ಕನೇ ಸಲ ಇಳಿಯಲು ನಾನು ಸಜ್ಜಾಗಿದ್ದೆ. ಎರಡು ಬೆರಳು ಗೆದ್ದರೂ ಸಿಗುವ ಪದವಿ ಕಾಗದದ ಚೂರು ಅಂತಾಯಿತು.

ನೋಟೀಸಿನ ಜೊತೆ ಕಾಯ್ದೆಯ ಪುಸ್ತಕವೂ ಬಂದಿತ್ತು, ಅರವತ್ತೆರಡು ಕಲಮು. ಅಜ್ಜಾರು ಅದನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಕೈಗೆ ಕೊಟ್ಟರು. "ಇದನ್ನ ಪಡಸಾಲಿಯೊಳಗ ತರಬ್ಯಾಡ. ಅಲ್ಲಿ ಶಾಸ್ತ್ರ ಬಿಟ್ಟು ಬ್ಯಾರೆ ಅಕ್ಷರ ಯಾರೂ ಓದಿಲ್ಲ, ಓದೂದೂ ಬ್ಯಾಡ." ಸರಿ ಅಂತ ನಾನು ಹೊಂಡದ ಮೆಟ್ಟಿಲ ಮೇಲೆ ಕೂತು ಓದಿದೆ. ಏನು ಭಾಷೆ ಅದು, ಒಂದು ವಾಕ್ಯ ಹಿಡಿದು ಹೊರಟರೆ ಮಧ್ಯಾಹ್ನವಾದರೂ ಕ್ರಿಯಾಪದ ಸಿಗುತ್ತಿರಲಿಲ್ಲ. ಮೊದಮೊದಲು ನಿದ್ದೆ ಬಂತು, ಆಮೇಲೆ ಸಿಟ್ಟು ಬಂತು, ಸಿಟ್ಟು ಬಂದ ಮೇಲೆ ಅರ್ಥವಾಗತೊಡಗಿತು. ಮೂರು ತಿಂಗಳು ಬಿಡದೆ ಹಿಂದೆ ಬಿದ್ದೆ. ಯಾವ ಕಲಮು ಯಾವುದನ್ನು ಕಟ್ಟುತ್ತದೆ, ಯಾವುದು ಯಾವುದನ್ನು ಬಿಚ್ಚುತ್ತದೆ ಅಂತ ಬಟ್ಟೆ ಒಗೆಯುವಾಗಲೂ ಅದನ್ನೇ ಯೋಚಿಸುತ್ತಿದ್ದೆ. "ಇದೇನ ದ್ಯಾಮವ್ವ, ಸರ್ಕಾರದ ಮದ್ವಿ ಆಗಾಕಿ ಏನ?" ಅಂತ ನೀರಿಗೆ ಬಂದವರು ಚುಡಾಯಿಸುತ್ತಿದ್ದರು. ಆಡಿಕೊಳ್ಳಲಿ, ನನಗೇನು.

ಆ ದಿನ ಬಂದ ಅಧಿಕಾರಿ ಹೆಂಗಸು, ಕಾತ್ಯಾಯಿನಿ ಅಂತ ಹೆಸರು, ಬಾಚಿ ಕಟ್ಟಿದ ಬಿಳಿಕೂದಲು, ಕಾಲಲ್ಲಿ ಗಂಡಸರ ಚಪ್ಪಲಿ. ಹಿಂದೆ ಮುದಿ ಜವಾನ ಒಬ್ಬ ಮರದ ಪೆಟ್ಟಿಗೆ ಹೊತ್ತಿದ್ದ. ಅವರಿಗಿಂತ ಮೊದಲು ಯಮನಪ್ಪ ಓಡಿಬಂದು ನನ್ನ ಕಿವಿಯಲ್ಲಿ, "ಬಂದಾಕಿ ಪೊಳ್ಳಲ್ಲವಾ, ಹರಿಗೋಲ ಗೇಣ ಕೆಳಗ ಹೋತು" ಅಂದ. ನಿಜ ಹೇಳುತ್ತೇನೆ, ನನಗೆ ಒಂದು ಥರ ಸಮಾಧಾನವೇ ಆಯಿತು. ಹಗುರಾದವರ ಕೈಯಲ್ಲಿ ಸಿಕ್ಕಿದ್ದರೆ ಬೇರೆ ಮಾತು.

ಅಜ್ಜಾರು ಕೂಡಲು ಹೇಳಿದರೂ ಆಕೆ ಕೂಡಲಿಲ್ಲ. "ಸ್ವಾಮಿಗಳೇ, ಮೊದಲೇ ಹೇಳಿಬಿಡುತ್ತೇನೆ, ಧರ್ಮದ ಮೇಲೆ ನನಗೆ ದ್ವೇಷ ಇಲ್ಲ. ಆದರೆ ಇಂಥ ಹತ್ತೊಂಬತ್ತು ಪೀಠಗಳಿಗೆ ಬೀಗ ಹಾಕಿ ಬಂದಿದ್ದೇನೆ. ನಮ್ಮ ತಂದೆಗೆ ಕಾಯಿಲೆ ಆದಾಗ ಅಂಥದೊಂದು ಪೀಠದ ಪದವಿಯನ್ನು ಗೋಡೆಗೆ ಹಾಕಿಕೊಂಡವನೊಬ್ಬ ಮಂತ್ರದಿಂದಲೇ ವಾಸಿ ಮಾಡುತ್ತೇನೆ ಅಂದ. ಕಟ್ಟು ಹಾಕಿದ ಪದವಿ ನೋಡಿ ಆರು ತಿಂಗಳು ನಂಬಿದೆವು. ಏಳನೆಯ ತಿಂಗಳಿಗೆ ತಂದೆ ಇರಲಿಲ್ಲ." ಹೇಳುವಾಗ ದನಿ ಏರಲಿಲ್ಲ, ಇಳಿಯಲಿಲ್ಲ. "ನಿಮ್ಮ ಅಳತೆ ಯಾವುದು, ತೋರಿಸಿ."

ಹೊಂಡದ ಕಟ್ಟೆಯ ಮೇಲೆ ನಲವತ್ತು ವಿದ್ಯಾರ್ಥಿಗಳು ನಿಂತಿದ್ದರು. ನಾನು ಪಡಸಾಲೆಯಿಂದ ಗುಂಡನ್ನು ಎದೆಗವಚಿಕೊಂಡು ತಂದೆ. ಆಕೆ ಪೆಟ್ಟಿಗೆ ತೆಗೆಸಿದಳು. ಮಖಮಲ್ಲಿನ ಕುಳಿಗಳಲ್ಲಿ ಹಿತ್ತಾಳೆಯ ತೂಕಗಳು, ಒಂದೊಂದರ ಮೇಲೂ ಸರ್ಕಾರದ ಮುದ್ರೆ. ತಕ್ಕಡಿಯ ಎರಡೂ ತಟ್ಟೆಯನ್ನು ನೀರಿನ ಮೇಲಕ್ಕೆ ಎಳೆಸಿ ಒಂದರಲ್ಲಿ ಗುಂಡು ಇಡಿಸಿದಳು, ಇನ್ನೊಂದರಲ್ಲಿ ನಲವತ್ತು ಸೇರು ಇಟ್ಟಳು. ಗುಂಡು ಜಪ್ಪಯ್ಯ ಅನ್ನಲಿಲ್ಲ. ನಲವತ್ತೈದು. ಇಲ್ಲ. ಐವತ್ತು. ಅದಕ್ಕೂ ಇಲ್ಲ. ಜವಾನನ ಹಣೆಯಲ್ಲಿ ಬೆವರು. ಐವತ್ತೆಂಟಕ್ಕೆ ತಕ್ಕಡಿ ಸಮನಾಗಿ ನಿಂತಿತು.

ಆಕೆ ಕನ್ನಡಕ ತೆಗೆದು ಗುಂಡಿನ ನೆತ್ತಿ ಓದಿದಳು, ಮತ್ತೆ ಹಿತ್ತಾಳೆ ಎಣಿಸಿದಳು. "ಕೊರೆದದ್ದು ನಲವತ್ತು, ಇರುವುದು ಐವತ್ತೆಂಟು. ಇದು ಸುಳ್ಳು ಅಳತೆ." ಅಜ್ಜಾರ ಮುಖ ನೋಡಬೇಕಿತ್ತು ನೀವು. ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. ಮೆಲ್ಲಗೆ ಎದ್ದು ಬಂದು ಗುಂಡಿನ ಮೇಲೆ ಕೈಯಿಟ್ಟರು. "ಮೊದಲ ಗುರುಗಳು ತೂಗಿದಾಗ ನಲವತ್ತ ಇತ್ತು, ತಾಮ್ರದ ಹಾಳಿಯೊಳಗ ಬರದಾರ. ನೂರು ವರ್ಷ ಗದ್ದುಗಿ ಬಾಜೂಕ ಕುಂತು ಒಂದು ದಿನಾನೂ ತಪ್ಪದ ಪಾಠ ಕೇಳೇತಿ ಇದು." ಕೊರೆದ ಅಕ್ಷರದ ಮೇಲೆ ಬೆರಳಾಡಿಸಿದರು. "ನಾವು ಕಲ್ಲು ಅಂತ ತಿಳಕೊಂಡಿದ್ವಿ. ಇದೂ ಓದೇತಲ್ಲೋ!"

ನನಗೆ ಕಾಲಕೆಳಗಿನ ಮೆಟ್ಟಿಲೇ ಜಾರಿದ ಹಾಗಾಯಿತು. ಅದೇ ಪಡಸಾಲೆ, ಅದೇ ಪಾಠ. ಗದ್ದುಗೆಯ ಪಕ್ಕದಲ್ಲಿ ಅದು, ಹೊಸ್ತಿಲಲ್ಲಿ ನಾನು. ಮೊದಲೆಲ್ಲ ಕಲ್ಲಿನ ಬುದ್ಧಿ ನಿಧಾನವೇ ಇದ್ದೀತು, ಆದರೆ ಈಚೆಗೆ ನಾನು ಒಂದು ಸೇರು ಕಲಿತರೆ ಅದೂ ಒಂದು ಸೇರು ಕಲಿಯುತ್ತಿತ್ತು. ಎರಡು ಬೆರಳು ಹೇಗೆ ಕರಗೀತು? ನಲವತ್ತೇ ಸೇರಿಗೆ ತೂಗಿದ್ದರೆ ನಾನು ಹನ್ನೊಂದು ವರ್ಷದ ಹಿಂದೆಯೇ ಪಂಡಿತೆ. ಈರಸಂಗಯ್ಯನೂ. ಅವನಂತೆ ಒದ್ದೆಬಟ್ಟೆಯಲ್ಲಿ ತಲೆ ತಗ್ಗಿಸಿ ಹೋದವರು ಎಷ್ಟು ಮಂದಿಯೋ. ಶ್ರದ್ಧೆಯಿಲ್ಲ ಅಂತ ಅವರನ್ನು ಬೈದೆವಲ್ಲ. ಆ ಗುಂಡನ್ನು ಎತ್ತಿಟ್ಟ ಕೈ ನನ್ನದೇ. ಏದುಸಿರು ಬಂದಾಗ ಒಮ್ಮೆ ಸಂಶಯಪಡಬೇಕಿತ್ತು, ಪಡಲಿಲ್ಲ. ಇದನ್ನು ಕಂಡುಹಿಡಿಯಲು ಪರ ಊರಿನ ಅಧಿಕಾರಿಯೇ ಬರಬೇಕಾಯಿತು ಅಂತ ನಾಚಿಕೆಯಾಯಿತು.

ಕಾತ್ಯಾಯಿನಿ ಬಾಯಾರು ಒಂದು ನಮೂನೆ ಹರಡಿದರು. ಅದರಲ್ಲಿ ಎರಡೇ ಚೌಕ, ಸರಿ ಒಂದು, ಸುಳ್ಳು ಒಂದು. ಅಳತೆ ಕಾಯುವವಳು ನಾನು, ನಾನೇ ರುಜು ಹಾಕಬೇಕು. "ನೋಡಿ ದ್ಯಾಮವ್ವ" ಅಂತ ಅವರು ಮೊದಲ ಸಲ ನನ್ನ ಕಡೆ ತಿರುಗಿದರು, "ಸುಳ್ಳು ಅಂತ ಒಪ್ಪಿ ರುಜು ಹಾಕಿ. ಗುಂಡನ್ನು ಇಲಾಖೆ ವಶಕ್ಕೆ ಕೊಡಿ. ನಾಳೆಯಿಂದ ಸರ್ಕಾರದ ತೂಕದಲ್ಲಿ ತೂಗಿ, ನಿಮ್ಮ ಪೀಠಕ್ಕೆ ನಾನೇ ಮಾನ್ಯತೆಗೆ ಬರೆಯುತ್ತೇನೆ. ನೀವೂ ಇ‍ವತ್ತು ಇಳಿಯುವವರಂತೆ, ನಲವತ್ತು ಸೇರಿಗೆ ನೀವು ಪಾಸಾಗುವುದು ಖಂಡಿತ. ಮಾನ್ಯತೆ ಪಡೆದ ಮೊದಲ ಪಂಡಿತೆ ನೀವೇ ಆಗುತ್ತೀರಿ."

ಬಾಯಲ್ಲಿ ನೀರೂರಲಿಲ್ಲ ಅಂದರೆ ಸುಳ್ಳಾದೀತು. ಹನ್ನೊಂದು ವರ್ಷ ಬೇಡಿದ್ದು ಬಾಗಿಲಿಗೆ ಬಂದು ನಿಂತಿತ್ತು. ಅಜ್ಜಾರು ನನ್ನನ್ನೇ ನೋಡುತ್ತಿದ್ದರು. "ನಿನ್ನ ಮನಸ್ಸಿಗೆ ಬಂದಂಗ ಮಾಡವಾ, ನಿನಗ ಅನ್ಯಾಯ ಆಗೇತಿ" ಅಂದರು. ನಾನು ಕೇಳಿದೆ, "ಬಾಯಾರ, ನಾ ಸುಳ್ಳು ಅಂತ ಬರದ್ರ ಈಗಾಗಲೇ ಪಾಸಾದ ಮುನ್ನೂರ ಹನ್ನೆರಡು ಮಂದೀದು ಏನ್ರಿ?" "ಸುಳ್ಳು ಅಳತೆಯಲ್ಲಿ ಕೊಟ್ಟ ಪದವಿ ರದ್ದು. ಒಂಬತ್ತನೇ ಕಲಮು." "ಅವರು ಮಾಡಿಸಿದ ಮದವಿ?" "ಮತ್ತೆ ನೋಂದಾಯಿಸಬೇಕು." "ಅವರಿಗೆ ಹೆಚ್ಚಿನ ತೂಕಕ್ಕ ತೂಗೇವಲ್ರಿ, ಕಡಿಮಿಗೆ ಅಲ್ಲ! ನಲವತ್ತು ಕೇಳಿದಲ್ಲಿ ಐವತ್ತು ಕೊಟ್ಟಾರ ಅವರು." "ಕಾಯ್ದೆಯಲ್ಲಿ ಹೆಚ್ಚು ಕಡಿಮೆ ಅಂತಿಲ್ಲ, ದ್ಯಾಮವ್ವ. ಸರಿ, ಸುಳ್ಳು ಅಷ್ಟೇ ಇದೆ." ಅವರ ಮುಖದಲ್ಲೂ ಬೇಸರವಿತ್ತು, ಆದರೆ ಪೆನ್ನು ಮಾತ್ರ ಹಿಂದೆ ಸರಿಯಲಿಲ್ಲ.

"ಹಂಗಾರ ಹದಿನೇಳನೇ ಕಲಮು ತಗೀರಿ" ಅಂದೆ. ಅವರ ಕೈ ನಿಂತಿತು. "ಅಧಿಕಾರಿ ಹೇಳಿದ್ದನ್ನ ಅಳತಿ ಕಾಯುವವರು ಒಪ್ಪದಿದ್ದರ, ಅವತ್ತೇ ಅಧಿಕಾರಿ ಎದುರಿಗೆ ಪೀಠ ತನ್ನ ಅಳತೀಲೇ ಒಬ್ಬರನ್ನ ಪರೀಕ್ಷಾ ಮಾಡಿ ತೋರಿಸಬಹುದು. ಪಾಸಾದ್ರ ಕಾಗದ ರಾಜಧಾನಿಯ ವಿಚಾರಣೆಗೆ ಹೋಗಬೇಕು, ಅಲ್ಲೀತನಕ ಬೀಗ ಹಾಕಂಗಿಲ್ಲ, ಪದವೀನೂ ರದ್ದಿಲ್ಲ. ಹೌದಿಲ್ರೀ?" ಬಾಯಾರು ಪುಸ್ತಕ ತೆಗೆದು ನೋಡಿದರು. "ಹೌದು. ಈ ಕಲಮನ್ನು ಇಲ್ಲಿಯವರೆಗೆ ಯಾರೂ ಕೇಳಿಲ್ಲ." ಪುಸ್ತಕದ ಮೇಲೆ ಬೆರಳಿಟ್ಟು ಅಂದರು, "ಅದರ ಕೊನೆ ಸಾಲೂ ಓದಿದ್ದೀರಲ್ಲ? ಕೂತವರು ಸೋತರೆ ಇವತ್ತೇ ಬೀಗ." "ಓದೀನ್ರಿ." "ಯಾರು ಕೂಡುತ್ತಾರೆ?"

ಕಟ್ಟೆಯ ಮೇಲಿನ ನಲವತ್ತು ಮಂದಿಯೂ ನೆಲ ನೋಡಿದರು. ಅವರನ್ನು ಅಂದು ಫಲವಿಲ್ಲ, ಐವತ್ತೆಂಟು ಸೇರಿನ ಎದುರು ಯಾರು ಕೂತಾರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಅಜ್ಜಾರು ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ದ್ಯಾಮವ್ವ, ಮೂರು ಸಲ ಸೋತೀದಿ. ಮತ್ತ ಮೂರು ವರ್ಷ ಅದೂ ಕುಂತು ಕೇಳೇತಿ" ಅಂದರು. "ಗೊತ್ತೈತ್ರಿ. ನಾನೇನು ಸುಮ್ಮನ ಕುಂತಿದ್ನ್ಯಾ?" ಅಂದೆ. ಸೋತರೆ ನನ್ನ ಪದವಿ ಹೋಯಿತು ಅನ್ನುವುದು ಹಾಗಿರಲಿ, ನೂರು ವರ್ಷದ ಪೀಠ ನನ್ನ ಕೈಯಾರೆ ಮುಚ್ಚುತ್ತಿತ್ತು.

ಗುಂಡನ್ನು ನಾನೇ ಎತ್ತಿ ಮೇಲಿನ ತಟ್ಟೆಗೆ ಇಟ್ಟೆ, ಬೇರೆ ಯಾರೂ ಮುಟ್ಟಲು ಬಿಡಲಿಲ್ಲ. ಜೊತೆಗೆ ಕೂತು ಕಲಿತದ್ದು ಅಂತ ಗೊತ್ತಾದ ಮೇಲೆ ಅದರ ಮೇಲೆ ಸಿಟ್ಟೂ ಬರಲಿಲ್ಲ. ಹೊಂಡಕ್ಕೆ ಇಳಿದು ಕೆಳಗಿನ ತಟ್ಟೆಯಲ್ಲಿ ಕಾಲು ಮಡಿಚಿ ಕೂತೆ. ನೀರು ಗದ್ದಕ್ಕೆ ಬಂತು. ಸರಪಳಿ ಕಿರ್ ಅಂದಿತು, ತಟ್ಟೆ ಇಳಿಯತೊಡಗಿತು. ನಾಲ್ಕು ಬೆರಳು, ಮೂರು, ಎರಡು. ಎರಡಕ್ಕೆ ನಿಲ್ಲಲಿಲ್ಲ! ಕಟ್ಟೆಯ ಮೇಲೆ ಯಾರೋ ಸಣ್ಣಗೆ ಕೂಗಿದರು. ಒಂದು ಬೆರಳು. ಅರ್ಧ. ಅಲ್ಲಿ ಬಂದು ನಿಂತುಬಿಟ್ಟಿತು. ನಾನು ಉಸಿರು ಬಿಗಿಹಿಡಿದೆ, ತುಟಿ ಕಚ್ಚಿದೆ, ಊಹೂಂ. ಅರ್ಧ ಬೆರಳು ಅರ್ಧ ಬೆರಳಾಗಿಯೇ ಉಳಿಯಿತು.

ಒಂದೂವರೆ ಬೆರಳು ಯಾವುದರಿಂದ ಗೆದ್ದೆ ಅಂತ ಆಗ ಹೊಳೆಯಿತು. ಪಡಸಾಲೆಗೆ ತರಬೇಡ ಅಂದರಲ್ಲ ಅಜ್ಜಾರು, ಆ ಕಾಯ್ದೆ. ಅದನ್ನು ಗುಂಡು ಕೇಳಿರಲಿಲ್ಲ, ನಾನೊಬ್ಬಳೇ ಮೆಟ್ಟಿಲ ಮೇಲೆ ಕೂತು ಕಲಿತಿದ್ದೆ. ಆದರೂ ಎಲ್ಲೋ ಒಂದಿಷ್ಟು ಸಾಲದಾಗಿತ್ತು. ಬಾಯಾರು ಹೊಂಡದ ಅಂಚಿಗೆ ಬಂದು ಕುಕ್ಕರಗಾಲಲ್ಲಿ ಕೂತರು. "ದ್ಯಾಮವ್ವ, ಹದಿನೇಳನೇ ಕಲಮು ಒಂದಕ್ಷರ ತಪ್ಪದೆ ಹೇಳಿದಿರಿ. ಅದನ್ನು ಯಾಕೆ ಬರೆದರು, ಅದು ಗೊತ್ತೇ?" ಸಹಾಯ ಮಾಡಲು ಕೇಳಿದರೋ, ಬಾಯಿಪಾಠವೋ ಅಲ್ಲವೋ ಅಂತ ಪರೀಕ್ಷಿಸಲು ಕೇಳಿದರೋ ನನಗೆ ಇಂದಿಗೂ ಗೊತ್ತಿಲ್ಲ.

ಯಾಕೆ ಬರೆದರು? ನಾನು ಅದನ್ನು ನಮ್ಮ ಪೀಠ ಉಳಿಸಿಕೊಳ್ಳುವ ಒಂದು ಕಿಂಡಿ ಅಂತ ಮಾತ್ರ ಓದಿದ್ದೆ. ತಲೆ ಎತ್ತಿ ನೋಡಿದರೆ ಮೇಲೆ ಗುಂಡು ತೂಗುತ್ತಿತ್ತು, ಪಕ್ಕದಲ್ಲಿ ಅಜ್ಜಾರ ಬಿಳಿಚಿದ ಮುಖ. ನಲವತ್ತು ಅಂತ ಹೇಳಿ ಐವತ್ತೆಂಟು ಇಟ್ಟ ನನ್ನ ಕೈಗಳು ನೀರೊಳಗೆ ಕಾಣುತ್ತಿದ್ದವು. ಸಂತೆಯಲ್ಲಿ ಬಳೆಯ ಗೊಂಚಲು ಹಿಡಿದು ನಿಂತ ಈರಸಂಗಯ್ಯ ಕಣ್ಣಮುಂದೆ ಬಂದ. "ಅಳತಿ ಮಾಡಾವರೂ ತಪ್ಪತಾರ ಅಂತ ಬರದವರಿಗೆ ಗೊತ್ತಿತ್ರಿ, ಬಾಯಾರ" ಅಂದೆ. "ಸರ್ಕಾರನೂ ತಪ್ಪತೈತಿ, ಮಠಾನೂ ತಪ್ಪತೈತಿ, ನಾನೂ ತಪ್ಪೀನಿ. ಅಳಿಯೂದು ಬಿಡಬಾರದು, ಅಳದವರನ್ನ ಮತ್ತ ಅಳಿಯಾಕ ಒಬ್ಬರಿರಬೇಕು. ಅದಕ್ಕ ಬರದಾರ."

ಮಾತು ಮುಗಿಯುವುದಕ್ಕೂ ತಟ್ಟೆ ತಳಕ್ಕೆ ತಾಗುವುದಕ್ಕೂ ಸರಿಹೋಯಿತು. ಠಣ್ ಅಂತು. ಎಷ್ಟೋ ಸಲ ಬೇರೆಯವರಿಗಾಗಿ ಮೇಲೆ ನಿಂತು ಕೇಳಿದ ಸದ್ದು, ಒಳಗೆ ಕೂತು ಕೇಳಿದರೆ ಬೆನ್ನುಮೂಳೆಯಲ್ಲಿ ಕೇಳುತ್ತದೆ. ಕಟ್ಟೆಯ ಮೇಲೆ ನಲವತ್ತು ಮಂದಿ ಹೋ ಅಂತ ಕುಣಿದರು, ಅಜ್ಜಾರು ಉಟ್ಟ ಕಾವಿಯಲ್ಲೇ ಹೊಂಡಕ್ಕೆ ಇಳಿದುಬಂದರು. ನಾನು ಜೋರಾಗಿ ಅತ್ತೆ, ಎಲ್ಲರಿಗೂ ಕಾಣುವ ಹಾಗೆ ಅತ್ತೆ. ಬಾಯಾರು ನಮೂನೆಯ ಎರಡೂ ಚೌಕ ಖಾಲಿ ಬಿಟ್ಟು ಅಂಚಿನಲ್ಲಿ ಷರಾ ಬರೆದರು, ನನ್ನ ಸಮಕ್ಷಮದಲ್ಲಿ ತೂಗಿದ್ದು ನಿಜ, ವಿಚಾರಣೆಗೆ ಒಪ್ಪಿಸಿದೆ. ನಾನು ಅದರ ಕೆಳಗೆ ರುಜು ಹಾಕಿ ಹೆಸರಿನ ಹಿಂದೆ ಪಂಡಿತೆ ಅಂತ ಸೇರಿಸಿದೆ. ಅವರು ಅದನ್ನು ಓದಿದರು, ಹೊಡೆದುಹಾಕಲಿಲ್ಲ. ಹೊರಡುವಾಗ, "ವಿಚಾರಣೆಯಲ್ಲಿ ನಾನು ಸರ್ಕಾರದ ಕಡೆ ಇರುತ್ತೇನೆ, ತಿಳಿದಿರಲಿ" ಅಂದರು. "ಇರ್ರಿ, ನಾ ಬರತೀನಿ" ಅಂದೆ. ಅಂದೇ ಸಂಜೆ ಅಜ್ಜಾರು ಸೋತುಹೋದವರ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ತಮ್ಮ ಕೈಯಾರೆ ಪತ್ರ ಬರೆಯಲು ಕೂತರು. ಮೊದಲನೆಯದು ಈರಸಂಗಯ್ಯನಿಗೆ.

ವಿಚಾರಣೆಯ ದಿನ ಗುಂಡನ್ನೂ ಹಾಜರುಪಡಿಸಬೇಕು ಅಂತ ಆಜ್ಞೆ ಬಂತು. ಬೆಳಿಗ್ಗೆ ಅದನ್ನು ಕಂಬಳಿಯಲ್ಲಿ ಸುತ್ತಿ ಎದೆಗವಚಿಕೊಂಡು ಹೊಳೆದಂಡೆಗೆ ಹೋದೆ. ಹರಿಗೋಲಿನಲ್ಲಿ ಆಗಲೇ ನಾಲ್ಕು ಮಂದಿ ಕೂತಿದ್ದರು, ಸಂತೆಗೆ ಹೊರಟವರು. ಎಂದಿನ ಹಾಗೆ ಬುಟ್ಟಿಗಳ ಕಡೆ ಕಾಲಿಟ್ಟೆ. ಯಮನಪ್ಪ ಹುಟ್ಟನ್ನು ಅಡ್ಡ ಹಿಡಿದ. ತಲೆಯ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡ, ಒಂದು ಸಲ ಕೆಮ್ಮಿದ. "ಎಷ್ಟ ಓದೀರಿ?" ಅಂದ. ಬಹುವಚನದಲ್ಲಿ! ಮೂವತ್ತು ವರ್ಷ ಈ ಪ್ರಶ್ನೆಗೆ ಮನಸ್ಸಿನಲ್ಲಿ ಎಷ್ಟು ಉತ್ತರ ಕಟ್ಟಿದ್ದೆನೋ. "ಐವತ್ತೆಂಟರ ಮ್ಯಾಲ" ಅಂದೆ. "ಆ ಕಲ್ಲು?" "ಅದು ಬರೇ ಐವತ್ತೆಂಟು." ಅವನು ಕೂತವರ ಕಡೆ ತಿರುಗಿ, "ಇಳೀರಪಾ ಎಲ್ಲಾರೂ, ಮುಂದಿನ ಸುತ್ತಿಗೆ ಬರ್ರಿ" ಅಂದ. ಗೊಣಗಿಕೊಂಡು ಇಳಿದರು.

ಒಂದು ಮಗ್ಗುಲಿಗೆ ನಾನು ಕೂತೆ, ಇನ್ನೊಂದು ಮಗ್ಗುಲಿಗೆ ಗುಂಡು ಇಟ್ಟೆ, ನನ್ನ ಮೈಯ ಭಾರಕ್ಕೆ ಸರಿಯಾಗಿ ಯಮನಪ್ಪ ಅದರ ಪಕ್ಕ ನಿಂತ. ಹರಿಗೋಲು ಸಮನಾಗಿ ತೇಲಿತು. ನಡುಹೊಳೆಗೆ ಬಂದಾಗ ಕಂಬಳಿ ಸರಿಸಿ ಅದರ ನೆತ್ತಿ ನೋಡಿದೆ. ವಿಚಾರಣೆ ಅದರದೂ ಹೌದಲ್ಲ, ಏನೂ ತಿಳಿಯದೆ ಹೋಗಿ ನಿಲ್ಲುವುದು ಯಾಕೆ ಅನ್ನಿಸಿತು. ಚೀಲದಿಂದ ಕಾಯ್ದೆ ತೆಗೆದು ಮೊದಲನೇ ಕಲಮಿನಿಂದ ದೊಡ್ಡದಾಗಿ ಓದತೊಡಗಿದೆ. ಮೂರನೇ ಕಲಮಿಗೆ ಹರಿಗೋಲು ಆ ಕಡೆಗೆ ಒಂದು ಕೂದಲೆಳೆ ವಾಲಿತು. "ಅಕ್ಕಾರ, ದಂಡಿ ಮುಟ್ಟಿದ ಮ್ಯಾಲ ಓದ್ರಿ, ನಿಮ್ಮ ಕಾಲು ಬೀಳ್ತೀನಿ" ಅಂತ ಯಮನಪ್ಪ ಹೌಹಾರಿದ. "ನೀ ಹುಟ್ಟು ಹಾಕು" ಅಂದೆ. ನಾಲ್ಕನೇ ಕಲಮು ತೆಗೆದೆ.